ಆಂಟಿಯ ರಾಥ್ ಖಾತೆ

ತೆರಿಗೆ ಸೀಸನ್ನಿನಲ್ಲಿ ನನ್ನ ಮೇಜಿನ ಮುಂದೆ ಕೂರುವವರಲ್ಲಿ ಎರಡು ಬಗೆ. ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ತಂದು ಮೇಜಿನ ಮೇಲೆ ಸುರಿದು "ಇನ್ನು ನೀವುಂಟು, ಅದುಂಟು" ಎನ್ನುವವರು ಒಂದು ಬಗೆ. ಎಲ್ಲವನ್ನೂ ತಾವೇ ಮಾಡಿ ಮುಗಿಸಿ, ಸರಿಯಾಗಿದೆ ಎಂದು ನನ್ನ ಬಾಯಿಂದ ಹೇಳಿಸಿಕೊಂಡು ಹೋಗಲು ಬರುವವರು ಇನ್ನೊಂದು. ಫೆಬ್ರವರಿಯ ಆ ಶನಿವಾರ ಬಂದ ಅಂಕಲ್ ಎರಡನೆಯ ಬಗೆಯವರು. ಅವರ ಕೈಲಿದ್ದ ಫೈಲುಗಳಿಗೆ ಬಣ್ಣಬಣ್ಣದ ಚೀಟಿ ಅಂಟಿಸಿತ್ತು, ಜೇಬಿನಲ್ಲಿ ಎರಡು ಪೆನ್ಸಿಲ್ಲಿದ್ದವು. ಹಿಂದೆಯೇ ಆಂಟಿ, ಮೆಟ್ಟಿಲ ಕಟಕಟೆ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತ ಹತ್ತಿ ಬಂದರು. ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲಿನ ಎರಡು ಕೋಣೆ ನನ್ನ ಆಫೀಸು. ಲಿಫ್ಟ್ ಇಲ್ಲ. ಆ ದಿನ ಅದಕ್ಕಾಗಿ ನಾಚಿಕೊಂಡೆ.

ಅಂಕಲ್ ಮೈಸೂರಿನಲ್ಲಿ ಮೂವತ್ತು ವರ್ಷ ಬ್ಯಾಂಕಿನ ಆಡಿಟ್ ವಿಭಾಗದಲ್ಲಿ ದುಡಿದವರು. ಮಗಳು ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡ ಮೇಲೆ ಸುಮ್ಮನೆ ಕೂರಲಾರದೆ ಹತ್ತಿರದ ಕ್ರ್ಯಾನ್‌ಬರಿ ಊರಿನ ಒಂದು ಗೋದಾಮಿನ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಹಿಡಿದಿದ್ದರು. ಆಂಟಿ ಹತ್ತಿರದ ಶಾಲೆಯೊಂದರ ಊಟದ ಮನೆಯಲ್ಲಿ ಮಕ್ಕಳಿಗೆ ಬಡಿಸುವ ಕೆಲಸ ಮಾಡುತ್ತಿದ್ದರು.

"ಟ್ಯಾಕ್ಸ್ ನಾನೇ ಫೈಲ್ ಮಾಡ್ತೀನಮ್ಮ, ಅದಕ್ಕೆ ಬಂದಿದ್ದಲ್ಲ" ಎಂದರು ಅಂಕಲ್, ಕುರ್ಚಿಯ ತುದಿಯಲ್ಲಿ ಕೂತು. "ಇವಳ ರಿಟೈರ್‌ಮೆಂಟ್ ದುಡ್ಡು ಈ ಸಲ ಟ್ರೆಡಿಷನಲ್ ಅಕೌಂಟ್‌ಗೆ ಹಾಕ್ಬೇಕೋ, ಇಷ್ಟು ದಿನ ಹಾಕಿದ ಹಾಗೆ ರಾಥ್‌ಗೇ ಹಾಕ್ಬೇಕೋ? ಅದೊಂದು ಹೇಳ್ಬಿಡಿ. ಆಫೀಸಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ."

ಈ ಪ್ರಶ್ನೆಗೆ ಉತ್ತರ ನನ್ನ ನಾಲಗೆಯ ಮೇಲೇ ಇರುತ್ತದೆ. ಎರಡೂ ನಮ್ಮ ನಿವೃತ್ತಿಗಾಗಿ ನಾವೇ ತೆರೆಯುವ ಸ್ವಂತ ಖಾತೆಗಳು. ಟ್ರೆಡಿಷನಲ್ ಖಾತೆಗೆ ಹಾಕಿದ ಹಣಕ್ಕೆ ಈ ವರ್ಷ ತೆರಿಗೆ ಉಳಿಯಬಹುದು, ಮುಂದೆ ತೆಗೆಯುವಾಗ ಕಟ್ಟಬೇಕು. ರಾಥ್ ಖಾತೆಗೆ ಹಾಕುವ ಹಣಕ್ಕೆ ಈಗಲೇ ತೆರಿಗೆ ಕಟ್ಟಿರುತ್ತೇವೆ, ಮುಂದೆ ನಿಯಮದಂತೆ ತೆಗೆದರೆ ಅಸಲಿಗೂ ತೆರಿಗೆ ಇಲ್ಲ, ಅದರ ಬೆಳವಣಿಗೆಗೂ ಇಲ್ಲ. ಇವತ್ತಿನ ಸಂಬಳ ಸಣ್ಣದಿದ್ದರೆ ಸಾಮಾನ್ಯವಾಗಿ ರಾಥ್ ಒಳ್ಳೆಯದು. ಅದರ ಮೇಲೆ ನಮ್ಮ ನ್ಯೂಜೆರ್ಸಿ ರಾಜ್ಯ ಟ್ರೆಡಿಷನಲ್ ಖಾತೆಗೆ ಹಾಕಿದ ಹಣಕ್ಕೆ ವಿನಾಯಿತಿಯನ್ನೇ ಕೊಡುವುದಿಲ್ಲ. ಶಾಲೆಯ ಊಟದ ಮನೆಯ ಸಂಬಳಕ್ಕೆ ರಾಥ್ ಎಂದು ಹೇಳಿ ಅವರನ್ನು ಹತ್ತು ನಿಮಿಷದಲ್ಲಿ ಕಳಿಸಬಹುದಿತ್ತು. ಆದರೆ ಯಾರದೇ ಆಗಲಿ, ಹಿಂದಿನ ವರ್ಷದ ರಿಟರ್ನ್ ನೋಡದೆ ನಾನು ಬಾಯಿ ಬಿಡುವುದಿಲ್ಲ. ಅದು ಈ ಕೆಲಸ ಕಲಿಸಿದ ಗುರುಗಳು ಹಾಕಿಕೊಟ್ಟ ಕಟ್ಟುಪಾಡು.

"ಹೋದ ವರ್ಷದ್ದು ಸ್ವಲ್ಪ ಕೊಡ್ರಿ ಅಂಕಲ್" ಎಂದೆ.

ಅವರು ಎರಡು ಫೈಲು ಕೊಟ್ಟರು. ಒಂದು ನೀಲಿ, ಒಂದು ಹಸಿರು. ನೀಲಿಯದರಲ್ಲಿ ಅಂಕಲ್ ರಿಟರ್ನ್, ಹಸಿರಿನದರಲ್ಲಿ ಆಂಟಿಯದು. ಎರಡರಲ್ಲೂ ಮೊದಲ ಪುಟದ ಮೇಲ್ಭಾಗದಲ್ಲಿ ಒಂದೇ ಚೌಕಕ್ಕೆ ಗುರುತು ಬಿದ್ದಿತ್ತು: ವಿವಾಹಿತರು, ಬೇರೆ ಬೇರೆಯಾಗಿ ಸಲ್ಲಿಸುವವರು. ಅದರ ಹಿಂದಿನ ವರ್ಷವೂ ಹಾಗೇ. ಅದರ ಹಿಂದಿನದೂ ಹಾಗೇ. ಅಕ್ಷರವೆಂದರೆ ಮುತ್ತಿನಂಥ ಅಕ್ಷರ, ಒಂದೂ ಕೂಡಿಕೆ ತಪ್ಪಿಲ್ಲ. ಸಾಫ್ಟ್‌ವೇರ್ ಬಳಸಿದ್ದರೆ ಅದಾದರೂ ಎಚ್ಚರಿಸುತ್ತಿತ್ತೇನೋ, ಅವರು ಎಲ್ಲವನ್ನೂ ಕೈಯಲ್ಲೇ ತುಂಬಿದ್ದರು.

ಒಂದೇ ಮನೆಯಲ್ಲಿರುವ ಗಂಡ ಹೆಂಡತಿ ಬೇರೆ ಬೇರೆಯಾಗಿ ರಿಟರ್ನ್ ಹಾಕಿದರೆ ರಾಥ್ ಖಾತೆಯ ಬಾಗಿಲು ಹೆಚ್ಚೂಕಡಿಮೆ ಮುಚ್ಚಿದಂತೆಯೇ. ವರ್ಷದ ಆದಾಯ ಹತ್ತು ಸಾವಿರ ಡಾಲರಿಗೆ ಮುಟ್ಟಿತೆಂದರೆ ಒಂದು ಬಿಡಿಗಾಸನ್ನೂ ಹಾಕುವಂತಿಲ್ಲ. ಆಂಟಿಯ ಆದಾಯ ಅದನ್ನು ದಾಟಿತ್ತು. ಅಂದರೆ ಅವರು ಇಷ್ಟು ವರ್ಷ ಆ ಖಾತೆಗೆ ಹಾಕಿದ ಹಣವೆಲ್ಲ ಹಾಕಬಾರದಿದ್ದ ಹಣ. ಅದು ಒಳಗಿರುವವರೆಗೂ ಪ್ರತಿ ವರ್ಷ ನೂರಕ್ಕೆ ಆರರಂತೆ ದಂಡ, ಹಿಂದಿನದರ ಮೇಲೂ ಸೇರಿ.

ಅಷ್ಟರಲ್ಲಿ ಆಂಟಿ ಮೊದಲ ಸಲ ಮಾತಾಡಿದರು. "ನನ್ನ ಲೆಕ್ಕ ಬೇರೆ ಇದೆಯಮ್ಮ. ಆ ಅಕೌಂಟು ಇಷ್ಟಕ್ಕೆ ಬಂದ್ರೆ ಕೆಲಸ ಬಿಡ್ತೀನಿ ಅಂತ ಮನಸ್ಸಲ್ಲೇ ಒಂದು ಇಟ್ಕೊಂಡಿದ್ದೆ. ಹೋದ ತಿಂಗಳು ಬಂತು. ಜೂನಲ್ಲಿ ಸ್ಕೂಲು ಮುಗಿದ ಮೇಲೆ ಬಿಟ್ಬಿಡೋಣ ಅಂತ. ಈ ಮಂಡಿ ಇನ್ನು ನಿಲ್ಲಲ್ಲ ಅನ್ನತ್ತೆ."

"ಎಷ್ಟು ಅಂತ ನಂಗೂ ಹೇಳಿಲ್ಲ" ಎಂದರು ಅಂಕಲ್, ಹೆಮ್ಮೆಯಿಂದಲೇ.

ಕಾಗದಗಳನ್ನು ಇಟ್ಟುಹೋಗಿ, ಮುಂದಿನ ಶನಿವಾರ ಬನ್ನಿ ಎಂದೆ. ಅವರು ಇಳಿದುಹೋಗುವಾಗ ಕಿಟಕಿಯಿಂದ ನೋಡಿದೆ. ಅಂಕಲ್ ಎರಡು ಮೆಟ್ಟಿಲು ಮುಂದೆ ಇಳಿದು, ತಿರುಗಿ ನಿಂತು, ಕೈ ಕೊಟ್ಟು ಆಂಟಿಯನ್ನು ಇಳಿಸುತ್ತಿದ್ದರು.

ಅಷ್ಟು ಕಣ್ಣಾರೆ ಕಂಡೂ ನಾನು ಮಾಡಿದ ಮೂರ್ಖತನವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಈ ದೇಶದಲ್ಲಿ ಗಂಡ ಹೆಂಡತಿ ಬೇರೆ ಬೇರೆ ರಿಟರ್ನ್ ಹಾಕಿದರೆ ಅದಕ್ಕೊಂದು ಕಾರಣವಿರುತ್ತದೆ. ಒಬ್ಬರ ತಲೆಯ ಮೇಲೆ ಹಳೆಯ ಬಾಕಿ ಇರುತ್ತದೆ, ಇಲ್ಲವೇ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಹೋಗಿರುತ್ತದೆ, ಇಲ್ಲವೇ ವಿಚ್ಛೇದನದ ಮಾತು ನಡೆದಿರುತ್ತದೆ. ನಮ್ಮ ವೃತ್ತಿಯಲ್ಲಿ ಅದನ್ನು ಕೆದಕುವುದು ಒರಟುತನ. ಹಾಗಾಗಿ ನಾನು ಮನಸ್ಸಿನಲ್ಲೇ ಒಂದು ಸಂಸಾರದ ಕಥೆ ಕಟ್ಟಿಬಿಟ್ಟೆ. ಪಾಪ, ಮೇಲೆ ಚೆನ್ನಾಗಿದ್ದಾರೆ, ಒಳಗೆ ಏನೋ ಇದೆ ಎಂದುಕೊಂಡೆ. ಹೆಂಡತಿ ಮನಸ್ಸಿನ ಮೊತ್ತವನ್ನು ಗಂಡನಿಗೂ ಹೇಳಿಲ್ಲವೆಂಬ ಮಾತು ಬೇರೆ ನನ್ನ ಕಥೆಗೆ ಸಾಕ್ಷಿಯಾಯಿತು.

ಆ ವಾರವೆಲ್ಲ ಹಣ ಹೊರತೆಗೆಯುವ ದಾರಿಯಲ್ಲೇ ಓಡಾಡಿದೆ. ಖಾತೆಯಿದ್ದ ಕಂಪನಿಗೆ ಫೋನ್ ಮಾಡಿ, ಗ್ರಾಹಕರ ಹೆಸರು ಹೇಳದೆ ವಿಧಾನವನ್ನಷ್ಟೇ ಕೇಳಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಯುವಕ ಬಂದು, ಹೆಚ್ಚುವರಿ ಹಣ ವಾಪಸ್ ಪಡೆಯುವ ಫಾರ್ಮ್ ಒಂದಿದೆ, ತುಂಬಿ ಕಳಿಸಿದರೆ ಮುಗಿಯಿತು ಎಂದ. ಅವನಿಗೆ ಮುಗಿಯಿತು, ಆಂಟಿಗೆ ಅಲ್ಲ. ಅಸಲೆಲ್ಲ ಈಚೆ ಬರುತ್ತದೆ, ಮೇಲೆ ದಂಡ ಬೀಳುತ್ತದೆ, ಖಾತೆಯಲ್ಲಿ ಉಳಿಯುವುದು ಅಲ್ಪಸ್ವಲ್ಪ ಬೆಳವಣಿಗೆ ಮಾತ್ರ. ಮತ್ತೆ ನಿವೃತ್ತಿ ಖಾತೆಯಲ್ಲಿ ಕೂಡಿಡಲು ವರ್ಷಕ್ಕೆ ಇಷ್ಟೇ ಎಂಬ ಮಿತಿ ಇದೆ. ಬೇರೆ ಬೇರೆ ರಿಟರ್ನ್ ಹಾಕುವವರೆಗೂ ಅದಕ್ಕೆ ಸ್ವಂತ ಸಂಬಳವೇ ಬೇಕು. ಸಂಬಳಕ್ಕೆ ಮಂಡಿ ಬೇಕು.

ಆದರೂ ಫಾರ್ಮ್ ತುಂಬಿದೆ. ಸಹಿ ಹಾಕುವ ಜಾಗಕ್ಕೆ ಹಳದಿ ಚೀಟಿ ಅಂಟಿಸಿ ಇಟ್ಟುಕೊಂಡೆ.

ಶನಿವಾರ ಅವರು ಬಂದರು. ಆಂಟಿ ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ತಂದಿದ್ದರು. ನಾನು ಫಾರ್ಮನ್ನು ಮೇಜಿನ ಮೇಲಿಟ್ಟು, ಸಾಧ್ಯವಾದಷ್ಟು ಮೆತ್ತಗೆ ವಿಷಯ ಹೇಳತೊಡಗಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಅಂಕಲ್ ಮುಖದಲ್ಲಿ ರಕ್ತವಿರಲಿಲ್ಲ. ಆಂಟಿ ಏನೂ ಅರ್ಥವಾಗದವರಂತೆ ಅವರ ತೋಳಿನ ಮೇಲೆ ಕೈಯಿಟ್ಟರು. ಆ ಕೈ ನೋಡಿ ನನ್ನ ವೃತ್ತಿಧರ್ಮ, ಸೌಜನ್ಯ ಎಲ್ಲ ಹಾರಿಹೋಗಿ ನನ್ನೊಳಗಿನ ಧಾರವಾಡ ಹೊರಗೆ ಬಂತು.

"ಅಂಕಲ್, ಸಿಟ್ಟಾಗಬ್ಯಾಡ್ರಿ, ಒಂದು ಮಾತು ಬಾಯಿಬಿಟ್ಟು ಕೇಳಿಬಿಡ್ತೀನಿ. ನಿಮ್ಮಿಬ್ಬರ ನಡುವ ಏನರೆ ಜಗಳ ಅದ ಏನ್ರಿ? ಬ್ಯಾರೆ ಬ್ಯಾರೆ ಯಾಕ ಹಾಕೀರಿ?"

ಅಂಕಲ್ ನನ್ನನ್ನೇ ನೋಡಿದರು. "ಜಗಳಾನಾ? ಯಾವ ಜಗಳ? ರಿಟರ್ನ್ ಅಂದ್ಮೇಲೆ ಅವರವರದ್ದು ಅವರವರದ್ದೇ ಅಲ್ವೇನಮ್ಮ? ಅವಳ ಸಂಬಳ ಅವಳದ್ದು, ನನ್ನ ಸಂಬಳ ನಂದು. ನಮ್ಮೂರಲ್ಲಿ ಗಂಡ ಹೆಂಡ್ತಿ ಸೇರಿ ಒಂದೇ ರಿಟರ್ನ್ ಹಾಕಿದ್ದು ನಾನು ಮೂವತ್ತು ವರ್ಷದಲ್ಲಿ ಒಂದಾದ್ರೂ ನೋಡಿಲ್ಲ. ಇಲ್ಲಿ ಆ ಚೌಕ ನೋಡ್ದಾಗ, ಪರವಾಗಿಲ್ಲ, ಇವರಲ್ಲೂ ನಮ್ಮ ಪದ್ಧತಿ ಇದೆ ಅಂತ ಸಮಾಧಾನ ಆಯ್ತು."

"ಜಗಳ ಮಾಡೋಕೆ ಇವರಿಗೆ ಪುರುಸೊತ್ತೆಲ್ಲಿದೆ" ಎಂದರು ಆಂಟಿ.

ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಇಡೀ ವಾರ ನಾನು ಹೆಣೆದ ಸಂಸಾರದ ಕಥೆಗೆ ಬುಡವೇ ಇರಲಿಲ್ಲ. ಊರಿನ ತೆರಿಗೆ ಕಾನೂನು ಅರೆದು ಕುಡಿದ ಒಬ್ಬ ಆಡಿಟರ್ ಇಲ್ಲಿಯೂ ಊರಿನ ಹಾಗೆಯೇ ಅಚ್ಚುಕಟ್ಟಾಗಿ ನಡೆದುಕೊಂಡಿದ್ದರು, ಅಷ್ಟೇ. ನನಗೆ ನಗುವೂ ಬಂತು, ಅವರ ಮೇಲೆ ಅಕ್ಕರೆಯೂ ಬಂತು. ಹಳದಿ ಚೀಟಿಯ ಫಾರ್ಮನ್ನು ಎಳೆದುಕೊಂಡು ಡ್ರಾಯರ್‌ಗೆ ಹಾಕಿದೆ.

ಬೇರೆ ಬೇರೆ ಸಲ್ಲಿಸಿದವರು, ಮೂಲ ಗಡುವಿನಿಂದ ಮೂರು ವರ್ಷದೊಳಗೆ, ಅದನ್ನು ತಿದ್ದಿ ಒಟ್ಟಿಗೆ ಸಲ್ಲಿಸಬಹುದು. ಕಾನೂನು ಅದಕ್ಕೆ ದಾರಿ ಬಿಟ್ಟಿದೆ. ಒಟ್ಟಿಗೆ ಎಂದಾದ ತಕ್ಷಣ ರಾಥ್ ಖಾತೆಯ ಆದಾಯ ಮಿತಿ ಎಷ್ಟೋ ಪಟ್ಟು ಮೇಲೇರುತ್ತದೆ, ಇಬ್ಬರ ಸಂಬಳ ಕೂಡಿದರೂ ಇವರು ಅದರ ಹತ್ತಿರ ಸುಳಿಯುವುದಿಲ್ಲ. ಆಗ ಆಂಟಿ ಹಾಕಿದ ಹಣವೆಲ್ಲ ನ್ಯಾಯವಾಗಿ ಹಾಕಿದ ಹಣವೇ ಆಗುತ್ತದೆ, ಒಂದು ಡಾಲರನ್ನೂ ಈಚೆ ತೆಗೆಯಬೇಕಿಲ್ಲ. ಆದರೆ ಮೂರು ವರ್ಷಗಳಲ್ಲಿ ಅತಿ ಹಳೆಯದಕ್ಕೆ ಗಡುವು ಇದೇ ಏಪ್ರಿಲ್ ಹದಿನೈದು.

ಇದನ್ನೆಲ್ಲ ಉತ್ಸಾಹದಲ್ಲಿ ಹೇಳುತ್ತ ಹೋದೆ. ಅದರಲ್ಲೇ ನನ್ನ ಎರಡನೆಯ ತಪ್ಪಾಯಿತು. ಒಟ್ಟಿಗೆ ಹಾಕಿದ್ದರೆ ಇಷ್ಟು ವರ್ಷ ತೆರಿಗೆಯೂ ಕಡಿಮೆ ಬೀಳುತ್ತಿತ್ತು ಎಂದು ಆಂಟಿಯ ಎದುರೇ ಹೇಳಿಬಿಟ್ಟೆ. ಅಂಕಲ್ ಫೈಲುಗಳನ್ನು ಒಂದರ ಮೇಲೊಂದು ಜೋಡಿಸಿ, ಅಂಚು ಸರಿಮಾಡಿ, ಎದ್ದರು. "ಯೋಚನೆ ಮಾಡಿ ಹೇಳ್ತೀನಮ್ಮ" ಎಂದು ಹೊರಟೇಹೋದರು.

ಒಂದು ವಾರ ಸುದ್ದಿಯಿಲ್ಲ. ಎರಡು ವಾರವಾಯಿತು, ಮಾರ್ಚ್ ಅರ್ಧ ಕಳೆಯಿತು. ನನ್ನ ಮೇಜಿನ ಮೇಲೆ ಬೇರೆಯವರ ಕಾಗದಗಳ ರಾಶಿ ಬೆಳೆಯುತ್ತಿತ್ತು, ಫ್ಲೋರಲ್ ಪಾರ್ಕ್ ಎಂಬ ಊರಿನಿಂದ ಒಬ್ಬ ಅಂಗಡಿಯವರು ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದರು. ಆದರೂ ಮನಸ್ಸು ಅಲ್ಲೇ. ಕೊನೆಗೆ ಆಂಟಿಗೆ ಫೋನ್ ಮಾಡಿದೆ.

"ಊಟ ಸರಿಯಾಗಿ ಮಾಡ್ತಿಲ್ಲಮ್ಮ" ಎಂದರು ಅವರು ತಗ್ಗಿದ ದನಿಯಲ್ಲಿ. "ನಿನ್ನ ದುಡ್ಡು ಹಾಳುಮಾಡ್ಬಿಟ್ಟೆ ಕಣೇ ಅಂತ ಒಂದೇ ಸಮ. ನಾನು ಇನ್ನೆರಡು ವರ್ಷ ಕೆಲಸಕ್ಕೆ ಹೋಗ್ತೀನಿ ಬಿಡಿ ಅಂದೆ. ಅದಕ್ಕೆ ಇನ್ನೂ ಸಪ್ಪಗಾದ್ರು. ನೀವು ಫೋನ್ ಮಾಡಿ ಬುದ್ಧಿ ಹೇಳ್ಬೇಡಿ, ಆ ಮನುಷ್ಯನಿಗೆ ಬುದ್ಧಿ ಹೇಳಿದ್ರೆ ಆಗಲ್ಲ. ಕೆಲಸ ಹೇಳಿದ್ರೆ ಆಗತ್ತೆ."

ಆ ಮಾತು ಕೇಳಿ ಫೋನಿಟ್ಟು ಖಾಲಿ ಫಾರ್ಮುಗಳ ಕಪಾಟು ತೆರೆದೆ. ನನ್ನ ಪದ್ಧತಿ ಏನೆಂದರೆ ಗ್ರಾಹಕರ ಫಾರ್ಮನ್ನು ನಾನೇ ತುಂಬುವುದು, ಅವರಿಂದ ಸಹಿಯಷ್ಟೇ. ಬೇರೆಯವರು ತುಂಬಿದ್ದನ್ನು ಸರಿಮಾಡುವುದು ಎರಡರಷ್ಟು ಕೆಲಸ, ಸೀಸನ್ನಿನ ನಡುವೆ ಅದಕ್ಕೆ ಕೈಹಾಕುವವರಿಲ್ಲ. ಆ ದಿನ ಅದನ್ನು ಬದಿಗಿಟ್ಟೆ. ತಿದ್ದುಪಡಿಯ ಖಾಲಿ ಫಾರ್ಮ್ ಮೂರು ಪ್ರತಿ, ರಾಜ್ಯದ್ದು ಮೂರು, ನಿವೃತ್ತಿ ಖಾತೆಗಳ ನಿಯಮವಿರುವ ತೆರಿಗೆ ಇಲಾಖೆಯ ಪುಸ್ತಿಕೆ ಒಂದು, ಎಲ್ಲವನ್ನೂ ದಪ್ಪ ಲಕೋಟೆಗೆ ಹಾಕಿದೆ. ಮೇಲೆ ಕನ್ನಡದಲ್ಲಿ ಬರೆದೆ: "ಅಂಕಲ್, ನನಗೆ ಈ ತಿಂಗಳು ಕೈ ತೆರಪಿಲ್ಲ. ಕರಡು ನೀವೇ ಮಾಡಿಕೊಡಬೇಕು. ನಾನು ಪರಿಶೀಲಿಸಿ ಸಹಿ ಹಾಕುತ್ತೇನೆ. ಅಂಕಿಗಳಲ್ಲಿ ನಿಮ್ಮಷ್ಟು ಶಿಸ್ತಿನವರು ನನಗೆ ಬೇರೆ ಸಿಕ್ಕಿಲ್ಲ." ಕೊನೆಯ ವಾಕ್ಯ ಬೆಣ್ಣೆ ಹಚ್ಚುವ ಮಾತಲ್ಲ, ನಿಜ. ಲಕೋಟೆಯನ್ನು ನಾನೇ ಡ್ರೈವ್ ಮಾಡಿಕೊಂಡು ಹೋಗಿ ಅವರ ಮನೆಯ ಬಾಗಿಲಲ್ಲಿಟ್ಟು, ಬೆಲ್ ಒತ್ತದೆ ಬಂದೆ.

ಏಪ್ರಿಲ್ ಮೊದಲ ಶನಿವಾರ ಬಾಗಿಲು ತೆರೆಯುವ ಮೊದಲೇ ಇಬ್ಬರೂ ಬಂದು ಮೆಟ್ಟಿಲ ಕೆಳಗೆ ನಿಂತಿದ್ದರು. ಅಂಕಲ್ ಕಾಗದಗಳನ್ನು ಮೇಜಿನ ಮೇಲೆ ಹರಡಿದರು. ಎಲ್ಲ ಪೆನ್ಸಿಲಿನಲ್ಲಿ. ನಾನು ಸಾಲು ಸಾಲಾಗಿ ನೋಡುತ್ತ ಹೋದೆ. ಎರಡು ಗಂಟೆ ಹಿಡಿಯಿತು. ರಾಜ್ಯದ ಫಾರ್ಮಿನ ಒಂದು ಸಾಲು ಬಿಟ್ಟರೆ ತಿದ್ದುವಂಥದ್ದು ಏನೂ ಇರಲಿಲ್ಲ.

"ಇದು ನೀವು ಕೇಳದೆ ಇರೋದು" ಎಂದು ಅಂಕಲ್ ಇನ್ನೊಂದು ಹಾಳೆ ಮುಂದಿಟ್ಟರು. "ಇನ್ನೂ ಒಂದು ವರ್ಷ ಇದೆ. ಈ ಮೂರಕ್ಕೂ ಹಿಂದಿನದು, ನಾಲ್ಕನೇದು. ಅವತ್ತು ಅಕೌಂಟ್ ಓಪನ್ ಮಾಡ್ದಾಗ ಎರಡು ಸಾವಿರ ಹಾಕಿದ್ಲು. ಆ ವರ್ಷದ ಕಾಗದ ನಿಮಗೆ ಕೊಟ್ಟಿರ್ಲಿಲ್ಲ. ಅದು ಮೂರು ವರ್ಷ ದಾಟೋಗಿದೆ, ತಿದ್ದೋಕಾಗಲ್ಲ."

ಅದು ನನಗೆ ಗೊತ್ತೇ ಇರಲಿಲ್ಲ. ಅವರು ಹೇಳದಿದ್ದರೆ ಎಂದೂ ಗೊತ್ತಾಗುತ್ತಿರಲಿಲ್ಲ. ಆ ಎರಡು ಸಾವಿರ ಒಳಗೇ ಕೂತು ವರ್ಷ ವರ್ಷ ದಂಡ ಬೆಳೆಸುತ್ತಿತ್ತು.

"ಆದ್ರೆ ನೋಡಿ" ಎಂದು ಪುಸ್ತಿಕೆಯ ಒಂದು ಪುಟ ತಿರುಗಿಸಿದರು. ಚೀಟಿ ಅಂಟಿಸಿ, ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. "ಒಂದು ವರ್ಷ ಜಾಸ್ತಿ ಹಾಕಿದ್ದನ್ನ, ಮುಂದಿನ ವರ್ಷದ ಮಿತಿಯಲ್ಲಿ ಜಾಗ ಮಿಕ್ಕಿದ್ರೆ, ಅಲ್ಲಿಗೆ ಜಮಾ ಹಿಡೀಬಹುದು ಅಂತ ಬರೆದಿದೆ. ಅದರ ಮುಂದಿನ ವರ್ಷದ್ದು ಈಗ ತಿದ್ದಿ ಒಟ್ಟಿಗೆ ಹಾಕ್ತಿದೀವಲ್ಲ, ಹಾಗಾಗಿ ಅವಳಿಗೆ ಪೂರ್ತಿ ಮಿತಿ ಸಿಗತ್ತೆ. ಅವಳು ಹಾಕಿದ್ದು ಅದರ ಅರ್ಧಾನೇ. ಜಾಗ ಇದೆ. ದಂಡ ಒಂದೇ ವರ್ಷಕ್ಕೆ, ನೂರಿಪ್ಪತ್ತು ಡಾಲರು, ಬಡ್ಡಿ ಹಾಕಿದ್ರೆ ಇನ್ನೊಂಚೂರು. ಇದು ಆಗತ್ತಾ?"

ನಾನು ಪುಟ ಓದಿದೆ. ಇನ್ನೊಮ್ಮೆ ಓದಿದೆ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿರುವ ನನಗೆ ಈ ನಿಯಮ ಗೊತ್ತಿತ್ತು, ಆದರೆ ಅವರ ಹಾಗೆ ಅದನ್ನು ಹುಡುಕಿಕೊಂಡು ಹೋಗುವ ಸಂಕಟ ನನಗಿರಲಿಲ್ಲ.

"ಆಗ್ತದ ಅಂಕಲ್" ಎಂದೆ. "ಛಲೋ ಹಿಡದೀರಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

ಸಹಿಗೆ ಮುಂಚೆ ಕಾನೂನಿನ ಮಾತು ಹೇಳಲೇಬೇಕಿತ್ತು. ಆಂಟಿಯ ಕಡೆ ತಿರುಗಿದೆ. "ಆಂಟಿ, ಒಟ್ಟಿಗೆ ಸಹಿ ಹಾಕಿದ್ರ ಇನ್ನ ಅವರ ತಪ್ಪಿಗೂ ನೀವು ಹೊಣೆ, ನಿಮ್ಮ ತಪ್ಪಿಗೂ ಅವರು ಹೊಣೆ. ಇನ್ನೊಂದು, ಬ್ಯಾರೆ ಇದ್ದವರು ಗಡುವು ಮುಗಿದ ಮ್ಯಾಲೂ ಕೂಡಬಹುದು. ಆದ್ರ ಕೂಡಿ ಹಾಕಿದವರಿಗೆ ಗಡುವು ಮುಗಿದ ಮ್ಯಾಲೆ ಆ ವರ್ಷಕ್ಕ ಬ್ಯಾರೆ ಆಗೋ ಹಾದಿ ಇಲ್ರಿ. ವಿಚಾರ ಮಾಡಿ ಹಾಕ್ರಿ."

"ಮೂವತ್ತೆಂಟು ವರ್ಷ ಆಯ್ತು, ಈಗ ವಿಚಾರ ಮಾಡು ಅಂತೀರಲ್ಲ" ಎಂದು ಆಂಟಿ ಪೆನ್ನು ಕೇಳಿದರು. ಮೂರು ವರ್ಷದ್ದೂ, ಈ ವರ್ಷದ್ದೂ, ಒಂದೊಂದೇ ಸಹಿ ಹಾಕುತ್ತ ಹೋದರು. ಪ್ರತಿ ಸಹಿಯ ಕೆಳಗೆ ಅಂಕಲ್ ಪೇಪರ್‌ವೇಟಿನ ಹಾಗೆ ಅಂಗೈ ಇಟ್ಟು ಹಾಳೆ ಹಿಡಿದುಕೊಂಡಿದ್ದರು. ದಂಡದ ಚೆಕ್ಕು ಮಾತ್ರ ತಮ್ಮ ಖಾತೆಯಿಂದಲೇ ಬರೆದರು. ನನ್ನ ತಪ್ಪಿಗೆ ಅವಳ ದುಡ್ಡಲ್ಲ ಎಂದರು.

ಹಳೆಯ ವರ್ಷದ್ದಕ್ಕೆ ಗಡುವು ತೀರ ಹತ್ತಿರವಿದ್ದುದರಿಂದ ನಾನೇ ಅವರನ್ನು ಕರೆದುಕೊಂಡು ಪೋಸ್ಟ್ ಆಫೀಸಿಗೆ ಹೋದೆ. ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು ಸರ್ಟಿಫೈಡ್ ಮೇಲ್ ಮಾಡಿಸಿ, ದಿನಾಂಕದ ಮುದ್ರೆ ಬಿದ್ದ ಹಸಿರು ರಸೀತಿಯನ್ನು ಕೈಗೆ ತೆಗೆದುಕೊಂಡ ಮೇಲೆಯೇ ನಾನು ಸರಿಯಾಗಿ ಉಸಿರಾಡಿದ್ದು. ಬರುವಾಗ ಕಾರಿನಲ್ಲಿ ಅಂಕಲ್ ಕೇಳಿದರು: "ಹಾಗಾದ್ರೆ ಈ ವರ್ಷದ್ದು? ಟ್ರೆಡಿಷನಲ್ಲೋ, ರಾಥೋ?" ಫೆಬ್ರವರಿಯಿಂದ ಆ ಪ್ರಶ್ನೆಗೆ ನಾನು ಉತ್ತರವನ್ನೇ ಕೊಟ್ಟಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲು ಹಿಂದಿನ ಸೀಟಿನಿಂದ ಆಂಟಿ ಹೇಳಿದರು, "ರಾಥೇ ಇರ್ಲಿ. ಇವತ್ತೇ ಕಟ್ಟಿ ಮುಗಿಸ್ಬಿಡೋಣ. ಮುಂದೆ ತೆಗೆಯುವಾಗ ಯಾರನ್ನೂ ಕೇಳೋ ಹಾಗಿರಬಾರ್ದು." ಅದಕ್ಕಿಂತ ಚೆನ್ನಾಗಿ ನಾನೂ ಹೇಳುತ್ತಿರಲಿಲ್ಲ.

ಬೇಸಿಗೆಯಲ್ಲಿ ಇಲಾಖೆಯಿಂದ ಒಂದೊಂದಾಗಿ ಕಾಗದ ಬಂತು. ತಿದ್ದುಪಡಿಗಳು ಒಪ್ಪಿಗೆಯಾಗಿದ್ದವು, ಹೆಚ್ಚಾಗಿ ಕಟ್ಟಿದ್ದ ತೆರಿಗೆಯೂ ಹಿಂದಿರುಗಿತು. ಖಾತೆಯಿಂದ ಒಂದು ಡಾಲರೂ ಈಚೆ ಬರಲಿಲ್ಲ. ಜೂನ್ ಕೊನೆಗೆ ಆಂಟಿ ಶಾಲೆಗೆ ಕೆಲಸ ಬಿಡುವ ಪತ್ರ ಕೊಟ್ಟರು. ಮಕ್ಕಳು ಬಣ್ಣದ ಕಾಗದದಲ್ಲಿ ಕಾರ್ಡ್ ಮಾಡಿಕೊಟ್ಟಿದ್ದಾರೆ ಎಂದು ಫೋಟೋ ಕಳಿಸಿದ್ದರು.

ಸೆಪ್ಟೆಂಬರಿನಲ್ಲಿ ಶಾಲೆಗಳು ಶುರುವಾದ ವಾರ, ರಾಜ್ಯದ ರಿಫಂಡಿನ ಬಗ್ಗೆ ಏನೋ ಕೇಳಲು ಅವರ ಮನೆಗೆ ಫೋನ್ ಮಾಡಿದೆ. ಹನ್ನೆರಡೂವರೆ ಇರಬೇಕು. ಆಂಟಿ ಎತ್ತಿಕೊಂಡರು. ಹಿಂದೆ ಪಾತ್ರೆಯ ಸದ್ದು ಕೇಳಿಸುತ್ತಿತ್ತು.

"ಕೆಲಸದಾಗ ಇದ್ರೇನು ಆಂಟಿ? ಆಮ್ಯಾಲೆ ಮಾಡ್ಲೇನ್ರಿ?"

"ಇಲ್ಲಮ್ಮ, ಊಟಕ್ಕೆ ಕೂತಿದೀನಿ. ಇಷ್ಟು ವರ್ಷ ಈ ಹೊತ್ತಲ್ಲಿ ನಾಲ್ಕು ನೂರು ಮಕ್ಕಳಿಗೆ ಬಡಿಸ್ತಾ ನಿಂತಿರ್ತಿದ್ದೆ. ನನ್ನ ಊಟ ಮೂರು ಗಂಟೆಗೆ, ತಣ್ಣಗೆ." ಆಚೆ ತಿರುಗಿ ಯಾರಿಗೋ ಸಾಕು ಎಂದರು. "ಇವರು ಇವತ್ತು ರಜಾ ಹಾಕಿದಾರೆ. ನಾನು ಏಳೋ ಹಾಗಿಲ್ವಂತೆ. ಬಿಸಿ ಸಾರು ಹಾಕ್ತಿದಾರೆ, ಚೆಲ್ತಾ ಇದಾರೆ ಕೂಡ. ಆಮೇಲೆ ಮಾಡ್ತೀನಿ, ಇಡ್ಲಾ?"